ದಿನದ ಪಟ್ಟಿ, ತಿಂಗಳ ವರ್ಗಣಿ



ಹೋದ ತಿಂಗಳ ಸಂಚಿಕೆಯ ಒಳರಕ್ಷಾಪುಟದಲ್ಲಿ ನಮ್ಮ ಸಂಘದ ಸದಸ್ಯ ಕುಟುಂಬವೊಂದರ ಆರು ವರ್ಷದ ಹೆಣ್ಣುಮಗುವಿಗೆ ನೆರವು ಕೋರಿ ಚಿಕ್ಕದೊಂದು ಮನವಿ ಅಚ್ಚಾಗಿತ್ತು. ಹೆಸರಿರಲಿಲ್ಲ, ಫೋಟೋ ಇರಲಿಲ್ಲ. ‘ಅಪರೂಪದ ಚರ್ಮರೋಗ’ ಎಂಬಷ್ಟೇ ಮಾತು. ಅದನ್ನೋದಿ ನಿಮ್ಮಲ್ಲಿ ಅನೇಕರು ಫೋನು ಮಾಡಿದಿರಿ. ಕೆಲವರು ಭಾನುವಾರ ಸಂಘದ ಕಚೇರಿಗೇ ಬಂದಿರಿ. ಹಣ ಕೊಟ್ಟವರಿದ್ದೀರಿ, ಪ್ರಶ್ನೆ ಕೇಳಿದವರು ಅದಕ್ಕಿಂತ ಹೆಚ್ಚಿದ್ದೀರಿ. ಪ್ರಶ್ನೆ ಕೇಳುವುದು ತಪ್ಪಲ್ಲ. ಕೊಡುವವನಿಗೆ ಕೇಳುವ ಹಕ್ಕಿದೆ. ಆದ್ದರಿಂದ ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಆ ಪ್ರಶ್ನೆಗಳಿಗೇ ಮೀಸಲಿಡುತ್ತಿದ್ದೇನೆ. ವಾಡಿಕೆಯ ಪುಸ್ತಕ ಪರಿಚಯ ಮುಂದಿನ ಸಲ.

ಮೊದಲ ಪ್ರಶ್ನೆ ಅಂಟುರೋಗವೇ ಎಂಬುದು. ಇದನ್ನು ಯಾರೂ ನೇರವಾಗಿ ಕೇಳಲಿಲ್ಲ. ‘ನಮ್ಮ ಮನೆಯಲ್ಲೂ ಸಣ್ಣ ಮಕ್ಕಳಿದ್ದಾರೆ ನೋಡಿ’ ಎಂದು ಸುತ್ತಿಬಳಸಿ ಕೇಳಿದಿರಿ. ಅಲ್ಲ, ಸ್ವಾಮಿ, ಅಂಟುರೋಗ ಅಲ್ಲ. ಮುಟ್ಟಿದರೆ ಬರುವುದಿಲ್ಲ, ಒಟ್ಟಿಗೆ ಕೂತರೆ ಬರುವುದಿಲ್ಲ, ಅದೇ ಲೋಟದಲ್ಲಿ ನೀರು ಕುಡಿದರೂ ಬರುವುದಿಲ್ಲ. ಅದು ಹುಟ್ಟಿನಿಂದ ಬಂದದ್ದು, ಆ ಮಗುವಿನೊಳಗೇ ಇರುವಂಥದ್ದು. ಕಳೆದ ರಾಜ್ಯೋತ್ಸವದಂದು ಈ ತಾಯಿ ಮಗುವನ್ನು ಕರೆದುಕೊಂಡು ಬಂದು ಸಭಾಗೃಹದ ಹಿಂದಿನ ಸಾಲಿನಲ್ಲಿ ಕೂತಿದ್ದರು. ಸಮೂಹಗೀತೆ ಮುಗಿಯುವ ಹೊತ್ತಿಗೆ ಅವರ ಅಕ್ಕಪಕ್ಕದ ನಾಲ್ಕು ನಾಲ್ಕು ಕುರ್ಚಿಗಳು ಖಾಲಿಯಾಗಿದ್ದವು. ಊಟಕ್ಕೆ ನಿಲ್ಲದೆ ಅವರು ಹೊರಟುಹೋದರು. ಯಾರ ಮೇಲೂ ಆಪಾದನೆ ಮಾಡಲು ಇದನ್ನು ಬರೆಯುತ್ತಿಲ್ಲ. ಆ ದಿನ ನಮ್ಮಲ್ಲಿ ಯಾರಿಗೂ ವಿಷಯ ಗೊತ್ತಿರಲಿಲ್ಲ. ಇನ್ನು ಮುಂದೆ ಗೊತ್ತಿಲ್ಲವೆನ್ನುವಂತಿಲ್ಲ.

ಕಾಯಿಲೆಯ ಹೆಸರು ಎಪಿಡರ್ಮೋಲಿಸಿಸ್ ಬುಲೋಸಾ. ನಾಲಿಗೆ ತಿರುಗುವುದಿಲ್ಲವೆಂದು ಡಾಕ್ಟರರೂ ಇ.ಬಿ. ಎಂದೇ ಕರೆಯುತ್ತಾರೆ. ನಮ್ಮ ಚರ್ಮಕ್ಕೆ ಮೇಲಿನದೊಂದು ಪದರ, ಕೆಳಗಿನದೊಂದು ಪದರ ಇವೆಯಷ್ಟೆ. ಅವೆರಡನ್ನೂ ಹಿಡಿದು ನಿಲ್ಲಿಸಲು ಸೂಕ್ಷ್ಮವಾದ ಪ್ರೋಟೀನುಗಳ ಕೊಂಡಿಗಳಿವೆ. ಊರಿನಲ್ಲಿ ಅಜ್ಜಿ ಹೊಲಿಯುತ್ತಿದ್ದ ಕೌದಿಯನ್ನು ನೆನಪಿಸಿಕೊಳ್ಳಿ. ಮೇಲಿನ ಬಟ್ಟೆ, ಕೆಳಗಿನ ಬಟ್ಟೆ, ನಡುವೆ ಸಾಲು ಸಾಲಾಗಿ ಓಡಿದ ಹೊಲಿಗೆ. ಆ ಹೊಲಿಗೆಯೇ ಇಲ್ಲದಿದ್ದರೆ ಮೇಲಿನ ಬಟ್ಟೆ ಎಳೆದತ್ತ ಜಾರುತ್ತದೆ. ಇ.ಬಿ. ಇರುವ ಮಕ್ಕಳ ಚರ್ಮ ಹಾಗೆ. ಸ್ವಲ್ಪ ಉಜ್ಜಿದರೆ, ಒತ್ತಿದರೆ, ಕೆಲವೊಮ್ಮೆ ಬಟ್ಟೆಯ ಹೊಲಿಗೆ ತಾಗಿದರೂ ಸಾಕು, ಬೊಬ್ಬೆ ಏಳುತ್ತದೆ. ಬೊಬ್ಬೆ ಒಡೆದರೆ ಸುಟ್ಟಗಾಯದಂತೆ ಹಸಿಗಾಯ. ಚಿಟ್ಟೆಯ ರೆಕ್ಕೆಯಷ್ಟು ನಾಜೂಕು ಎಂಬ ಅರ್ಥದಲ್ಲಿ ಪಶ್ಚಿಮದ ದೇಶಗಳಲ್ಲಿ ಇಂಥವರನ್ನು ಚಿಟ್ಟೆ ಮಕ್ಕಳು ಎನ್ನುತ್ತಾರೆ. ಹೆಸರು ಚೆನ್ನಾಗಿದೆ, ಕಾಯಿಲೆ ಚೆನ್ನಾಗಿಲ್ಲ.

ಇದರಲ್ಲಿ ಮುಖ್ಯವಾಗಿ ನಾಲ್ಕು ಬಗೆಗಳಿವೆ. ಕೊಂಡಿ ಎಲ್ಲಿ ತಪ್ಪಿದೆ ಎಂಬುದರ ಮೇಲೆ ಅವುಗಳ ವಿಂಗಡಣೆ. ಕೆಲವು ಸೌಮ್ಯ. ಅಂಗೈ ಅಂಗಾಲುಗಳಲ್ಲಿ ಮಾತ್ರ ಬೊಬ್ಬೆ ಬರುತ್ತವೆ, ಬೇಸಿಗೆಯಲ್ಲಿ ಹೆಚ್ಚು. ಅಂಥವರು ಓದಿ, ಕೆಲಸ ಮಾಡಿ, ಸಂಸಾರ ಹೂಡಿ ಬದುಕುತ್ತಾರೆ. ಕೆಲವು ಎಷ್ಟು ತೀವ್ರವೆಂದರೆ ಕೂಸು ಮೊದಲ ವರ್ಷವನ್ನೇ ದಾಟದೆ ಹೋಗಬಹುದು. ನಮ್ಮ ಈ ಮಗುವಿಗಿರುವುದು ಡಿಸ್ಟ್ರೋಫಿಕ್ ಎಂಬ ಬಗೆ, ಅದರಲ್ಲೂ ತೀವ್ರವಾದದ್ದು. ಏಳನೆಯ ನಮೂನೆಯ ಕೊಲಾಜನ್ ಎಂಬ ಪ್ರೋಟೀನನ್ನು ತಯಾರಿಸುವ ಜೀನಿನಲ್ಲಿ ದೋಷ. ಗಾಯ ಮಾಯುತ್ತದೆ, ಆದರೆ ಗಂಟುಗಂಟಾದ ಕಲೆ ಉಳಿಸಿ ಮಾಯುತ್ತದೆ. ಹಾಗೆ ಮಾಯುತ್ತ ಮಾಯುತ್ತ ಬೆರಳುಗಳು ಒಂದಕ್ಕೊಂದು ಕೂಡಿಕೊಂಡು ಕೈ ಮುಷ್ಟಿಯಂತಾಗುತ್ತದೆ. ಶಸ್ತ್ರಕ್ರಿಯೆ ಮಾಡಿ ಬಿಡಿಸಬಹುದು. ವರ್ಷಗಳು ಕಳೆದಂತೆ ಮತ್ತೆ ಕೂಡಿಕೊಳ್ಳುತ್ತವೆ. ಹೊರಗಿನ ಚರ್ಮ ಮಾತ್ರವಲ್ಲ, ಬಾಯಿ, ಅನ್ನನಾಳಗಳ ಒಳಪದರವೂ ಹೀಗೆಯೇ. ನುಂಗಲು ಕಷ್ಟ. ಗಾಯಗಳಿಂದ ದಿನವೂ ಸೋರುವ ರಸದಲ್ಲಿ ದೇಹದ ಸತ್ವ ಹೋಗುತ್ತದೆ, ರಕ್ತಹೀನತೆ ಬರುತ್ತದೆ, ಮಗು ಬೆಳೆಯುವುದಿಲ್ಲ. ದೊಡ್ಡವರಾದ ಮೇಲೆ ಹಳೆಯ ಗಾಯಗಳ ಜಾಗದಲ್ಲಿ ಚರ್ಮದ ಕ್ಯಾನ್ಸರು ಕಾಣಿಸಿಕೊಳ್ಳುವ ಅಪಾಯವೂ ಇರುವುದರಿಂದ ತಪಾಸಣೆ ಎಂದೂ ನಿಲ್ಲುವಂತಿಲ್ಲ.

ಎಷ್ಟು ಅಪರೂಪ? ಅಮೆರಿಕದ ನೋಂದಣಿ ಲೆಕ್ಕದ ಪ್ರಕಾರ ಅಲ್ಲಿ ಹುಟ್ಟುವ ಪ್ರತಿ ೧೦ ಲಕ್ಷ ಮಕ್ಕಳಲ್ಲಿ ಸುಮಾರು ೨೦ ಮಂದಿಗೆ ಯಾವುದಾದರೊಂದು ಬಗೆಯ ಇ.ಬಿ. ಇರುತ್ತದೆ. ನಮ್ಮ ದೇಶದಲ್ಲಿ ವರ್ಷಕ್ಕೆ ೨ ಕೋಟಿಗೂ ಹೆಚ್ಚು ಮಕ್ಕಳು ಹುಟ್ಟುತ್ತಾರೆ. ಅದೇ ಲೆಕ್ಕ ಇಲ್ಲಿಗೂ ಹೊಂದುವುದಾದರೆ ವರ್ಷವರ್ಷವೂ ೪೦೦ಕ್ಕೂ ಮೇಲೆ ಆಯಿತು. ಅಪರೂಪ ಎಂಬ ಮಾತಿಗೆ ನಮ್ಮ ದೇಶದಲ್ಲಿ ಅರ್ಥ ಸ್ವಲ್ಪ ಬೇರೆಯೇ.

ಎರಡನೆಯ ಪ್ರಶ್ನೆ ಹಿರಿಯ ಸದಸ್ಯೆಯೊಬ್ಬರದು. ‘ನಾಗದೋಷ ಇರಬಹುದು, ಸುಬ್ರಹ್ಮಣ್ಯಕ್ಕೆ ಹೋಗಿ ಆಶ್ಲೇಷಾ ಬಲಿ ಮಾಡಿಸಿದ್ದಾರೆಯೇ ಕೇಳಿ’ ಎಂದರು. ಅವರ ಕಳಕಳಿ ನಿಜವಾದದ್ದು. ಕರಾವಳಿಯಿಂದ ಬಂದ ನಮ್ಮಂಥವರ ಮನೆಗಳಲ್ಲಿ ಚರ್ಮದ ತೊಂದರೆ ಎಂದೊಡನೆ ನಾಗನ ನೆನಪಾಗುವುದು ಸಹಜ. ನಂಬಿಕೆ ಅವರವರದು, ಪೂಜೆ ಮಾಡಿಸುವವರು ಮಾಡಿಸಲಿ. ಆದರೆ ಒಂದು ವಿನಂತಿ. ದೋಷ, ಶಾಪ, ಪೂರ್ವಕರ್ಮ ಎಂಬ ಮಾತುಗಳನ್ನು ಆ ತಾಯಿಯ ಕಿವಿಗೆ ಹಾಕಬೇಡಿ. ಮಗು ಹುಟ್ಟಿದ ಮೂರನೆಯ ದಿನದಿಂದ ಆಕೆ ಅದನ್ನೇ ಕೇಳುತ್ತ ಬಂದಿದ್ದಾರೆ. ಗರ್ಭಿಣಿಯಾಗಿದ್ದಾಗ ತಿಂದದ್ದರಿಂದಾಗಲಿ, ನೋಡಿದ್ದರಿಂದಾಗಲಿ, ಗ್ರಹಣದ ದಿನ ಹೊರಗೆ ಬಂದದ್ದರಿಂದಾಗಲಿ ಇದು ಬರುವುದಿಲ್ಲ.

ಹಾಗಾದರೆ ಹೇಗೆ ಬರುತ್ತದೆ? ಈ ಮಗುವಿನ ಬಗೆಯಲ್ಲಿ ತಂದೆಯಲ್ಲೂ ತಾಯಿಯಲ್ಲೂ ಆ ಜೀನಿನ ಒಂದೊಂದು ಪ್ರತಿ ದೋಷಪೂರಿತವಾಗಿರುತ್ತದೆ. ಇನ್ನೊಂದು ಪ್ರತಿ ಸರಿಯಾಗಿರುವುದರಿಂದ ಅವರಿಬ್ಬರಿಗೂ ಏನೂ ಇಲ್ಲ, ಗೊತ್ತಾಗುವುದೂ ಇಲ್ಲ. ಇಬ್ಬರಿಂದಲೂ ದೋಷದ ಪ್ರತಿಯೇ ಮಗುವಿಗೆ ಇಳಿದಾಗ ಕಾಯಿಲೆ. ಪ್ರತಿ ಬಸಿರಿನಲ್ಲೂ ಅದಕ್ಕೆ ನಾಲ್ಕರಲ್ಲೊಂದು ಸಂಭವ. ‘ಸೋದರಮಾವನನ್ನೇ ಕಟ್ಟಿಕೊಂಡಿರಬೇಕು’ ಎಂದು ಯಾರೋ ಅಂದದ್ದು ನನ್ನ ಕಿವಿಗೂ ಬಿತ್ತು. ಇಲ್ಲ. ಈ ದಂಪತಿಗಳು ಬೇರೆ ಬೇರೆ ಜಿಲ್ಲೆಯವರು, ಮದುವೆಗೆ ಮುಂಚೆ ಯಾವ ಸಂಬಂಧವೂ ಇಲ್ಲದವರು. ಹೊರಗಿನ ಸಂಬಂಧದಲ್ಲೂ ಹೀಗಾಗಬಹುದು.

ಹಾಗೆಂದು ಆ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಒಂದೇ ಬೇರಿನಿಂದ ಬಂದ ಇಬ್ಬರಲ್ಲಿ ಒಂದೇ ದೋಷ ಅಡಗಿರುವ ಸಾಧ್ಯತೆ ಹೆಚ್ಚು ಎನ್ನುವುದು ಸರಳ ಲೆಕ್ಕ. ಕರ್ನಾಟಕದಲ್ಲಿ ಇಂದಿಗೂ ಸುಮಾರು ನಾಲ್ಕು ಮದುವೆಗಳಲ್ಲಿ ಒಂದು ರಕ್ತಸಂಬಂಧದೊಳಗೆ ನಡೆಯುತ್ತದೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸಿದ ಸಂಗತಿ ಇದು. ಮುಂಬಯಿಗೆ ಬಂದು ಮೂರು ತಲೆಮಾರಾದರೂ ಅಕ್ಕನ ಮಗಳನ್ನು ತಮ್ಮನಿಗೆ ತರುವ ವಾಡಿಕೆಯನ್ನು ನಾವು ಜೊತೆಗೇ ತಂದುಕೊಂಡಿದ್ದೇವೆ. ವಧೂವರರ ಜಾತಕ ನೋಡುವ ಹಾಗೆ ಎರಡೂ ಮನೆಗಳಲ್ಲಿ ಎಳವೆಯಲ್ಲೇ ತೀರಿಹೋದ ಕೂಸುಗಳು, ಹೆಸರಿಡದ ಕಾಯಿಲೆಗಳು ಇದ್ದವೇ ಎಂದು ಒಂದು ಮಾತು ಕೇಳಿಕೊಂಡರೆ ನಷ್ಟವೇನು? ಇಂಥ ಮಗು ಇರುವ ಮನೆಯವರು ಎರಡನೆಯ ಮಗುವನ್ನು ಬಯಸಿದರೆ, ಮೊದಲ ಮಗುವಿನ ಜೀನಿನ ದೋಷ ಯಾವುದೆಂದು ರಕ್ತಪರೀಕ್ಷೆಯಿಂದ ತಿಳಿದಿದ್ದಲ್ಲಿ, ಗರ್ಭದ ಆರಂಭದ ತಿಂಗಳುಗಳಲ್ಲೇ ಪರೀಕ್ಷೆ ಮಾಡಿ ನೋಡುವ ಸೌಕರ್ಯವಿದೆ. ಅದನ್ನು ಬಸಿರಾದ ಮೇಲಲ್ಲ, ಮೊದಲೇ ವಿಚಾರಿಸಬೇಕು.

ಇನ್ನು ಮುಖ್ಯ ಪ್ರಶ್ನೆ. ಡೊಂಬಿವಲಿಯ ಒಬ್ಬ ಉದ್ಯಮಿ ಮಿತ್ರರು ಬಹಳ ಉದಾರವಾಗಿ ಕೇಳಿದರು: ‘ಆಪರೇಶನ್ನಿಗೆ ಒಟ್ಟು ಎಷ್ಟು ಬೇಕು ಹೇಳಿ. ನಾನು, ನನ್ನ ಮೂವರು ಸ್ನೇಹಿತರು ಸೇರಿ ಮುಗಿಸಿಬಿಡುತ್ತೇವೆ.’ ಮುಗಿಸಿಬಿಡುವ ಆಪರೇಶನ್ ಇದ್ದಿದ್ದರೆ ಈ ಅಂಕಣವನ್ನೇ ಬರೆಯುತ್ತಿರಲಿಲ್ಲ.

ಸಾರ್ವಜನಿಕರಿಂದ ಹಣ ಕೂಡಿಸುವುದೆಂದರೆ ನಮ್ಮ ಕಣ್ಣೆದುರು ಬರುವುದು ೨೦೨೧ರ ಚಿತ್ರಗಳು. ಆ ವರ್ಷ ಮುಂಬಯಿಯ ಐದು ತಿಂಗಳ ಕೂಸೊಂದಕ್ಕೆ ಸ್ನಾಯುಗಳು ಕ್ಷಯಿಸುವ ಕಾಯಿಲೆಗಾಗಿ ಅಮೆರಿಕದಿಂದ ಔಷಧಿ ತರಿಸಲು ಜನ ಸುಮಾರು ೧೬ ಕೋಟಿ ರೂಪಾಯಿ ಕೂಡಿಸಿಕೊಟ್ಟರು. ಸುಮಾರು ೬ ಕೋಟಿಯಷ್ಟಾಗುತ್ತಿದ್ದ ಸುಂಕ ಮತ್ತು ತೆರಿಗೆಯನ್ನು ಕೇಂದ್ರ ಸರಕಾರ ಮನ್ನಾ ಮಾಡಿತು. ಅದೇ ವರ್ಷ ಕೇರಳದ ಕಣ್ಣೂರು ಜಿಲ್ಲೆಯ ಮಾಟ್ಟೂಲಿನ ಮಗುವಿಗೆ ೧೮ ಕೋಟಿ ಬೇಕಿತ್ತು. ಅದೇ ಕಾಯಿಲೆಯಿಂದ ಗಾಲಿಕುರ್ಚಿಯಲ್ಲಿದ್ದ ಅಕ್ಕ ತಮ್ಮನಿಗಾಗಿ ಬೇಡಿಕೊಂಡಳು. ಕೆಲವೇ ದಿನಗಳಲ್ಲಿ ೪೬ ಕೋಟಿಗೂ ಹೆಚ್ಚು ಬಂದು ಬಿತ್ತು. ಸಾಕು, ಇನ್ನು ಕಳಿಸಬೇಡಿ ಎಂದು ಪ್ರಕಟಣೆ ಕೊಡಬೇಕಾಯಿತು. ನಮ್ಮ ಜನರ ಮನಸ್ಸು ಸಣ್ಣದೆಂದು ಯಾರೂ ಹೇಳುವಂತಿಲ್ಲ. ಆದರೆ ಗಮನಿಸಿ, ಅವೆರಡೂ ಒಂದೇ ಸಲ ಕೊಡುವ ಔಷಧಿಯ ಮಾತು. ಒಂದು ಗುರಿ, ಒಂದು ಮೊತ್ತ, ಒಂದು ಕೊನೆಯ ತಾರೀಖು. ಜನ ಓಡಿ ಬರುತ್ತಾರೆ, ಮುಟ್ಟುತ್ತಾರೆ, ನಿಟ್ಟುಸಿರು ಬಿಡುತ್ತಾರೆ.

ಇ.ಬಿ.ಗೆ ಕೊನೆಯ ತಾರೀಖು ಇಲ್ಲ. ಅದರ ಖರ್ಚು ಪಟ್ಟಿ ಕಟ್ಟುವ ಖರ್ಚು. ಸಾಮಾನ್ಯ ಹತ್ತಿಬಟ್ಟೆಯ ಪಟ್ಟಿ ಗಾಯಕ್ಕೆ ಅಂಟಿಕೊಳ್ಳುತ್ತದೆ, ತೆಗೆಯುವಾಗ ಚರ್ಮವನ್ನೇ ಕಿತ್ತು ತರುತ್ತದೆ. ಅಂಟುವ ಪ್ಲಾಸ್ಟರನ್ನಂತೂ ಹತ್ತಿರ ತರುವಂತೆಯೇ ಇಲ್ಲ. ಬೇಕಾದದ್ದು ಸಿಲಿಕೋನ್ ಲೇಪದ ಮೆತ್ತನೆಯ ಪಟ್ಟಿ. ಗಾಯದ ರಸ ಹೀರುತ್ತದೆ, ಚರ್ಮಕ್ಕೆ ಅಂಟುವುದಿಲ್ಲ. ಅಂಗೈಯಗಲದ ಒಂದು ತುಂಡಿಗೆ ನೂರಾರು ರೂಪಾಯಿ. ಬೆನ್ನು, ಮೊಣಕಾಲು, ಮೊಣಕೈ, ಕುತ್ತಿಗೆ, ಜೊತೆಗೆ ಕೂಡಿಕೊಳ್ಳದಂತೆ ಬೆರಳು ಬೆರಳಿನ ನಡುವೆ ಬೇರೆ ಬೇರೆಯಾಗಿ ಸುತ್ತುವ ಸಣ್ಣ ಪಟ್ಟಿಗಳು. ಎಷ್ಟು ತುಂಡು ಬೇಕೆಂದು ನೀವೇ ಎಣಿಸಿ.

ಈ ಮನೆಯಲ್ಲಿ ದಿನ ಬಿಟ್ಟು ದಿನ ಪಟ್ಟಿ ಬದಲಿಸುತ್ತಾರೆ. ಮೂರು ಗಂಟೆಯ ಕೆಲಸ. ತಂದೆ ಹೋಟೆಲಿನ ಕೆಲಸದಲ್ಲಿರುವುದರಿಂದ ರಾತ್ರಿ ಕೊನೆಯ ಲೋಕಲ್‌ಗೆ ಬರುವವರು. ಹೀಗಾಗಿ ತಾಯಿಯೊಬ್ಬರೇ. ಹದವಾದ ಉಪ್ಪುನೀರಿನಲ್ಲಿ ನೆನೆಸಿ ಹಳೆಯ ಪಟ್ಟಿ ಬಿಡಿಸಬೇಕು. ಹೊಸ ಬೊಬ್ಬೆಗಳನ್ನು ಶುದ್ಧವಾದ ಸೂಜಿಯಿಂದ ಚುಚ್ಚಿ ನೀರು ತೆಗೆಯಬೇಕು, ಇಲ್ಲದಿದ್ದರೆ ಅವು ಹಬ್ಬುತ್ತ ಹೋಗುತ್ತವೆ. ಮೇಲಿನ ಪೊರೆಯನ್ನು ಮಾತ್ರ ಕೀಳಬಾರದು, ಅದೇ ಗಾಯಕ್ಕೆ ಮುಚ್ಚಳ. ಆಮೇಲೆ ಮುಲಾಮು, ಹೊಸ ಪಟ್ಟಿ, ಮೇಲೆ ಕೊಳವೆಯಂಥ ಮೆತ್ತನೆಯ ಬಟ್ಟೆ. ಮಗುವನ್ನು ಕಂಕುಳಿಗೆ ಕೈಹಾಕಿ ಎತ್ತುವಂತಿಲ್ಲ, ಅಲ್ಲೇ ಚರ್ಮ ಜಾರುತ್ತದೆ. ಕೆಳಗಿನಿಂದ ಅಂಗೈ ಕೊಟ್ಟು ಎತ್ತಬೇಕು. ಅಂಗಿಯನ್ನು ಒಳಗುಹೊರಗು ಮಾಡಿ ಹಾಕುತ್ತಾರೆ, ಹೊಲಿಗೆ ಮೈಗೆ ತಾಗದಿರಲೆಂದು. ಊಟಕ್ಕೆ ಗಂಜಿ, ರಾಗಿ ಅಂಬಲಿ, ಮೊಟ್ಟೆಯ ಮೆತ್ತನೆಯ ಪಾಕ. ಚಕ್ಕುಲಿಯೆಂದರೆ ಹುಡುಗಿಗೆ ಆಸೆ. ಚಕ್ಕುಲಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುವವಳನ್ನು ನಾನು ನೋಡಿದ್ದು ಇದೇ ಮೊದಲು.

ಒಬ್ಬ ಓದುಗರು ಬಾಳೆಎಲೆಯ ಸಂಗತಿ ಎತ್ತಿದರು. ‘ಊರಿನಲ್ಲಿ ಸುಟ್ಟಗಾಯದವರನ್ನು ಬಾಳೆಎಲೆಯ ಮೇಲೆ ಮಲಗಿಸುತ್ತಿದ್ದರಲ್ಲ, ಇಷ್ಟು ದುಬಾರಿ ಪಟ್ಟಿ ಏಕೆ?’ ಎಂದು. ಪ್ರಶ್ನೆ ಹಗುರವಾದದ್ದಲ್ಲ. ನಮ್ಮ ಮುಂಬಯಿಯ ಸಾಯನ್ ಆಸ್ಪತ್ರೆಯ ಶಸ್ತ್ರವೈದ್ಯರೇ ಸುಟ್ಟಗಾಯಕ್ಕೆ ಬಾಳೆಎಲೆಯ ಪಟ್ಟಿಯನ್ನು ಕಟ್ಟಿ ಪರೀಕ್ಷಿಸಿ ೨೦೦೩ರಲ್ಲಿ ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಎಲೆ ಗಾಯಕ್ಕೆ ಅಂಟುವುದಿಲ್ಲ, ತೆಗೆಯುವಾಗ ನೋವಿಲ್ಲ, ಬೆಲೆಯೂ ಅಲ್ಪ. ಬೊಬ್ಬೆಯ ಕಾಯಿಲೆಗಳವರನ್ನು ಬಾಳೆಎಲೆಯ ಹಾಸಿನ ಮೇಲೆ ಮಲಗಿಸುವ ಪದ್ಧತಿಯೂ ನಮ್ಮ ಆಸ್ಪತ್ರೆಗಳಲ್ಲಿ ಇದೆ. ಆದರೆ ಅದು ಆಸ್ಪತ್ರೆಯಲ್ಲಿ ಹಬೆಗಿಟ್ಟು ಶುದ್ಧಮಾಡಿದ ಎಲೆ, ಮಲಗಿರುವ ರೋಗಿಗೆ. ಓಡಾಡುವ, ಶಾಲೆಗೆ ಹೋಗಬೇಕಾದ ಹುಡುಗಿಯ ಬೆರಳಿಗೆ ಅದು ನಿಲ್ಲುವುದಿಲ್ಲ. ಆದ್ದರಿಂದ ದಯವಿಟ್ಟು ಯಾರೂ ದಾದರಿನ ಮಂಡಿಯಿಂದ ಎಲೆಯ ಕಟ್ಟು ತಂದು ಅವರ ಬಾಗಿಲಲ್ಲಿ ಇಡಬೇಡಿ. ನೀವು ತಂದೇಬಿಡುವವರೆಂದು ಗೊತ್ತಿರುವುದರಿಂದ ಹೇಳುತ್ತಿದ್ದೇನೆ.

ವಾಟ್ಸಾಪಿನಲ್ಲಿ ಹೊಸ ಔಷಧಿಗಳ ಸುದ್ದಿ ಕಳಿಸಿದವರೂ ಇದ್ದಾರೆ. ಸುದ್ದಿ ಸುಳ್ಳಲ್ಲ. ೨೦೧೫ರಲ್ಲಿ ಜರ್ಮನಿಯ ಬೋಖುಮ್ ಆಸ್ಪತ್ರೆಗೆ ಏಳು ವರ್ಷದ ಹುಡುಗನೊಬ್ಬನನ್ನು ಸೇರಿಸಿದರು. ಸಿರಿಯಾದಿಂದ ವಲಸೆ ಬಂದ ಕುಟುಂಬ. ಮೈಯ ಬಹುಭಾಗ ಚರ್ಮ ಹೋಗಿ ಸಾಯುವ ಸ್ಥಿತಿ. ಅವನಿಗಿದ್ದದ್ದು ಜಂಕ್ಷನಲ್ ಎಂಬ ಇನ್ನೊಂದು ಬಗೆಯ ಇ.ಬಿ. ಇಟಲಿಯ ಮೊದೆನಾ ನಗರದ ವಿಜ್ಞಾನಿ ಮಿಕೆಲೆ ದೆ ಲೂಕಾ ಅವರ ತಂಡ ಹುಡುಗನ ಮೈಯಿಂದ ಅಂಚೆಚೀಟಿಯಷ್ಟು ಒಳ್ಳೆಯ ಚರ್ಮ ತೆಗೆದು, ಅದರ ಜೀವಕೋಶಗಳಲ್ಲಿ ಸರಿಯಾದ ಜೀನನ್ನು ಸೇರಿಸಿ, ಪ್ರಯೋಗಾಲಯದಲ್ಲಿ ಹಾಳೆಹಾಳೆಯಾಗಿ ಬೆಳೆಸಿಕೊಟ್ಟಿತು. ಮೈಯ ಸುಮಾರು ೮೦ ಭಾಗಕ್ಕೆ ಹೊಸ ಚರ್ಮ ಹೊದಿಸಿದರು. ೨೦೧೬ರ ಫೆಬ್ರುವರಿಯಲ್ಲಿ ಹುಡುಗ ಮನೆಗೆ ಹೋದ, ಶಾಲೆಗೂ ಹೋದ. ೨೦೧೭ರಲ್ಲಿ ಇದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದಾಗ ಲೋಕವೇ ಬೆರಗಾಯಿತು. ಆಮೇಲೆ ೨೦೨೩ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ಆಡಳಿತವು ಡಿಸ್ಟ್ರೋಫಿಕ್ ಬಗೆಗೆ ವೈಜುವೆಕ್ ಎಂಬ ಲೇಪಕ್ಕೆ ಒಪ್ಪಿಗೆ ಕೊಟ್ಟಿತು. ಸರಿಯಾದ ಜೀನನ್ನು ಹೊತ್ತ, ನಿರುಪದ್ರವಿಯಾಗಿ ಮಾಡಿದ ವೈರಾಣು ಅದರಲ್ಲಿದೆ. ವಾರಕ್ಕೊಮ್ಮೆ ಗಾಯದ ಮೇಲೆ ಹನಿಹನಿಯಾಗಿ ಹಾಕಿದರೆ ಗಾಯ ಮುಚ್ಚಿಕೊಳ್ಳುತ್ತದೆ. ಕಾಯಿಲೆ ಹೋಗುವುದಿಲ್ಲ, ಗಾಯ ಮುಚ್ಚುತ್ತದೆ. ಬಿಡುಗಡೆಯಾದಾಗ ಒಂದು ಶೀಶೆಗೆ ಅವರು ಇಟ್ಟ ಬೆಲೆ ೨೪,೨೫೦ ಡಾಲರು. ವರ್ಷದ ಲೆಕ್ಕ ಹಾಕಿದರೆ ನಮ್ಮ ರೂಪಾಯಿಯಲ್ಲಿ ೫ ಕೋಟಿ ದಾಟುತ್ತದೆ. ಮರುವರ್ಷ ಮತ್ತೆ ಅಷ್ಟೇ.

ಈ ಲೆಕ್ಕ ಕೇಳಿದ ಮೇಲೆ ಕೆಲವರಿಗೆ ಉತ್ಸಾಹ ಬರುತ್ತದೆ, ‘೫ ಕೋಟಿಗೇ ಹೊರಡೋಣ’ ಎಂದು. ಇನ್ನು ಕೆಲವರಿಗೆ ಕೈಚೆಲ್ಲುವ ಮನಸ್ಸಾಗುತ್ತದೆ. ನನಗನಿಸುವುದು ಎರಡೂ ಬೇಡ. ಆ ಔಷಧಿಯ ಬೆಲೆ ಇಳಿಯಲಿ, ನಮ್ಮ ದೇಶಕ್ಕೆ ಬರಲಿ, ಆ ದಿನ ಬಂದಾಗ ಅದರ ಮಾತು. ಆ ದಿನದ ತನಕ ಮಗುವಿನ ಬೆರಳುಗಳು ಕೂಡಿಕೊಳ್ಳದೆ, ಗಾಯ ಕೀವಾಗದೆ, ರಕ್ತ ಕಡಿಮೆಯಾಗದೆ ಇರಬೇಕು. ಅದಕ್ಕೆ ಬೇಕಾದದ್ದು ಸಾಧಾರಣ ಪಟ್ಟಿ, ಸಾಧಾರಣ ಶಿಸ್ತು, ತಿಂಗಳು ತಪ್ಪದ ಹಣ.

ಹಾಗಾಗಿ ನಮ್ಮ ಕೋರಿಕೆ ಇಷ್ಟು. ಸಹಾಯಾರ್ಥ ಯಕ್ಷಗಾನವೋ ನಾಟಕವೋ ಇಡೋಣವೆಂದು ಯುವ ವಿಭಾಗದವರು ಹೇಳಿದ್ದಾರೆ. ಇಡಲಿ, ಸಂತೋಷವೇ. ಆದರೆ ಸಭಾಗೃಹದ ಬಾಡಿಗೆ, ಮೇಳದವರ ವೆಚ್ಚ, ಶಾಲು ಹಾರ ಎಲ್ಲ ಕಳೆದು ಉಳಿಯುವುದೆಷ್ಟು ಎಂಬುದು ಖಜಾಂಚಿಗಳಿಗೆ ಗೊತ್ತು. ಉಳಿದದ್ದೂ ಎಷ್ಟು ತಿಂಗಳಿಗೆ ಬಂದೀತು? ಅದಕ್ಕಿಂತ ನೂರು ಮನೆಗಳು ತಿಂಗಳಿಗೆ ೨೦೦ ರೂಪಾಯಿಯಂತೆ ವರ್ಗಣಿ ಹಾಕಲಿ. ೨೦,೦೦೦ ಆಯಿತು. ಅಷ್ಟರಲ್ಲಿ ಈ ಮನೆಯ ಪಟ್ಟಿ, ಮುಲಾಮುಗಳ ದೊಡ್ಡ ಪಾಲು ಕಳೆಯುತ್ತದೆ. ಎರಡು ನೂರು ರೂಪಾಯಿ ಇಂದು ಒಂದು ಸಂಜೆಯ ತಿಂಡಿಯ ಬಿಲ್ಲು. ಈ ಊರಿನಲ್ಲಿ ನಮ್ಮ ಹಿರಿಯರು ಕಟ್ಟಿದ್ದೆಲ್ಲ ಹೀಗೆ ಸಣ್ಣ ಸಣ್ಣ ವರ್ಗಣಿಯಿಂದಲೇ ಅಲ್ಲವೇ? ಹಗಲು ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ರಾತ್ರಿಶಾಲೆಯಲ್ಲಿ ಓದಿ ವಕೀಲರಾದದ್ದು, ಬ್ಯಾಂಕಿನ ಅಧಿಕಾರಿಗಳಾದದ್ದು ಯಾರೋ ಒಬ್ಬ ಕುಬೇರನ ಒಂದು ದಿನದ ದಾನದಿಂದಲ್ಲ.

ಡೊಂಬಿವಲಿಯ ಮಿತ್ರರಿಗೂ ಕೆಲಸವಿದೆ. ಕೈಯ ಶಸ್ತ್ರಕ್ರಿಯೆ ಬಂದಾಗ, ಅನ್ನನಾಳವನ್ನು ಹಿಗ್ಗಿಸಬೇಕಾಗಿ ಬಂದಾಗ ಒಟ್ಟಿಗೆ ದೊಡ್ಡ ಮೊತ್ತ ಬೇಕಾಗುತ್ತದೆ. ಅದಕ್ಕೆ ಅವರ ಮಾತನ್ನು ಬರೆದಿಟ್ಟುಕೊಂಡಿದ್ದೇವೆ.

ಸರಕಾರದಿಂದ ಏನೂ ಇಲ್ಲವೇ ಎಂದು ಕೇಳಿದ್ದೀರಿ. ಅಪರೂಪದ ಕಾಯಿಲೆಗಳಿಗೆಂದು ೨೦೨೧ರಲ್ಲಿ ರಾಷ್ಟ್ರೀಯ ನೀತಿ ಬಂತು. ೨೦೨೨ರಲ್ಲಿ ನೆರವಿನ ಮಿತಿಯನ್ನು ರೋಗಿಯೊಬ್ಬರಿಗೆ ೫೦ ಲಕ್ಷದವರೆಗೆ ಏರಿಸಿದರು. ನಮ್ಮ ಪರೇಲಿನ ಕೆ.ಇ.ಎಂ. ಆಸ್ಪತ್ರೆ, ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೊಡನೆ ಮಾನವ ತಳಿವಿಜ್ಞಾನ ಕೇಂದ್ರ, ಇವು ಆ ನೀತಿಯಡಿ ಗುರುತಿಸಿದ ಕೇಂದ್ರಗಳು. ಆದರೆ ಆ ನೆರವು ಪಟ್ಟಿಯಲ್ಲಿ ಸೇರಿದ ಕಾಯಿಲೆಗಳಿಗೆ, ಅದೂ ಆ ಕೇಂದ್ರಗಳ ಮೂಲಕ ನಡೆಯುವ ಚಿಕಿತ್ಸೆಗೆ. ಮನೆಯಲ್ಲಿ ದಿನ ಬಿಟ್ಟು ದಿನ ಕಟ್ಟುವ ಪಟ್ಟಿಯ ಖರ್ಚು ಮನೆಯವರ ಮೇಲೆಯೇ ಬೀಳುತ್ತದೆ. ಮಗುವನ್ನು ನೋಡುತ್ತಿರುವ ವೈದ್ಯರ ಮೂಲಕ ಅರ್ಜಿಯ ವಿಚಾರ ನಡೆದಿದೆ. ಅದು ಅದರ ದಾರಿಯಲ್ಲಿ ಹೋಗಲಿ.

ಈ ಕಾಯಿಲೆಗೆಂದೇ ಇರುವ ಸಂಸ್ಥೆಗಳ ಮೂಲವೂ ಒಂದು ಮನೆಯೇ. ೧೯೭೮ರಲ್ಲಿ ಇಂಗ್ಲೆಂಡಿನ ಫಿಲಿಸ್ ಹಿಲ್ಟನ್ ಎಂಬ ತಾಯಿ ಇ.ಬಿ. ಇದ್ದ ತನ್ನ ಮಗಳು ಡೆಬ್ರಾಳ ಹೆಸರಿನಲ್ಲಿ ಇತರ ತಂದೆತಾಯಿಗಳನ್ನು ಕೂಡಿಸಿಕೊಂಡು ಸಂಸ್ಥೆಯೊಂದನ್ನು ಕಟ್ಟಿದರು. ಇಂದು ಹಲವಾರು ದೇಶಗಳಲ್ಲಿ ಅದರ ಬಳಗವಿದೆ, ನಮ್ಮಲ್ಲೂ ಡೆಬ್ರಾ ಇಂಡಿಯಾ ಇದೆ. ಪಟ್ಟಿ ಕಟ್ಟುವ ಕ್ರಮವನ್ನು ಒಬ್ಬ ತಾಯಿ ಇನ್ನೊಬ್ಬ ತಾಯಿಗೆ ಹೇಳಿಕೊಡುವುದಕ್ಕಿಂತ ದೊಡ್ಡ ಔಷಧಿ ಆ ಕಾಲದಲ್ಲಿ ಇರಲಿಲ್ಲ.

ಹಣದ ವ್ಯವಸ್ಥೆ ಹೇಗೆಂದು ತಿಳಿಸಬೇಕಾದದ್ದು ನಮ್ಮ ಹೊಣೆ. ಸಂಘದ ವಿಶ್ವಸ್ತ ನಿಧಿಯಲ್ಲಿ ಪ್ರತ್ಯೇಕ ಖಾತೆ ತೆರೆದಿದ್ದೇವೆ. ಮನೆಯವರ ಕೈಗೆ ನಗದು ಹೋಗುವುದಿಲ್ಲ. ವೈದ್ಯರು ಬರೆದುಕೊಟ್ಟ ಪಟ್ಟಿಯ ಪ್ರಕಾರ ಸಾಮಾನು ಸರಬರಾಜು ಮಾಡುವವರಿಗೆ ನಾವೇ ಹಣ ಕಟ್ಟುತ್ತೇವೆ. ಇದನ್ನು ಸೂಚಿಸಿದವರು ಮಗುವಿನ ತಂದೆಯೇ. ತಿಂಗಳ ಜಮಾಖರ್ಚು ಈ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ತೆರಿಗೆಯ ೮೦-ಜಿ ರಿಯಾಯಿತಿ ಬೇಕಾದವರು ಚೆಕ್ಕಿನಲ್ಲೋ ಬ್ಯಾಂಕಿನ ಮೂಲಕವೋ ಕೊಟ್ಟು ರಸೀದಿ ಪಡೆಯಿರಿ. ೨,೦೦೦ ರೂಪಾಯಿ ಮೀರಿದ ನಗದಿಗೆ ಆ ರಿಯಾಯಿತಿ ದೊರೆಯುವುದಿಲ್ಲ. ವಿದೇಶದಲ್ಲಿರುವ ಮಕ್ಕಳಿಂದ ಕಳಿಸುತ್ತೇವೆ ಎಂದವರಿಗೆ ಒಂದು ಎಚ್ಚರಿಕೆ. ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಬಹುದು. ಅಲ್ಲಿನ ಪೌರರಾದವರ ಹಣ ಕಾನೂನಿನ ಪ್ರಕಾರ ವಿದೇಶಿ ವಂತಿಗೆ. ಅದಕ್ಕೆ ಬೇಕಾದ ನೋಂದಣಿ ನಮ್ಮ ಸಂಘಕ್ಕಿಲ್ಲ, ಹಾಗಾಗಿ ಸ್ವೀಕರಿಸಲಾರೆವು. ಬೇಸರ ಬೇಡ.

ಹೆಚ್ಚು ಬಂದರೆ? ಮಾಟ್ಟೂಲಿನಲ್ಲಿ ಆದ ಹಾಗೆ ನಮಗಾಗುವುದೆಂಬ ಭ್ರಮೆಯಿಲ್ಲ. ಆದರೂ ಮೊದಲೇ ಬರೆದಿಡುವುದು ಒಳ್ಳೆಯದು. ಉಳಿದದ್ದು ಇದೇ ಕಾಯಿಲೆಯ ಇನ್ನೊಂದು ಮಗುವಿಗೆ, ಕನ್ನಡದ ಮಗುವಾದರೂ ಸರಿ, ಬೇರೆ ಯಾವ ಭಾಷೆಯ ಮಗುವಾದರೂ ಸರಿ. ಕಾರ್ಯಕಾರಿ ಸಮಿತಿಯಲ್ಲಿ ಈ ಕೊನೆಯ ಮಾತಿಗೆ ಸ್ವಲ್ಪ ಚರ್ಚೆಯಾಯಿತು, ಕೊನೆಗೆ ಒಪ್ಪಿಗೆಯಾಯಿತು. ದಾನಿಗಳ ಹೆಸರುಗಳನ್ನು ಅಕಾರಾದಿಯಾಗಿ, ಮೊತ್ತ ನಮೂದಿಸದೆ ಅಚ್ಚುಹಾಕುತ್ತೇವೆ. ಇದಕ್ಕೂ ಚರ್ಚೆಯಾಯಿತು, ಹೆಚ್ಚು ಹೊತ್ತೇ ಆಯಿತು.

ಇನ್ನು ಫೋಟೋ ವಿಷಯ. ‘ಮುಖ ನೋಡದೆ ಜನ ಕೊಡುವುದಿಲ್ಲ’ ಎಂದು ಒಬ್ಬರು ಅನುಭವದಿಂದಲೇ ಹೇಳಿದರು. ೨೦೧೦ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಿಲಾಪ್, ೨೦೧೨ರಲ್ಲಿ ನಮ್ಮ ಮುಂಬಯಿಯಲ್ಲೇ ಆರಂಭವಾದ ಕೆಟ್ಟೋ, ಇಂಥ ಸಂಸ್ಥೆಗಳಿಂದ ಸಾವಿರಾರು ಮನೆಗಳಿಗೆ ಉಪಕಾರವಾಗಿದೆ, ನಿಜ. ಅಪರಿಚಿತರನ್ನು ತಲುಪಲು ಅಲ್ಲಿ ಮುಖ ತೋರಿಸಬೇಕಾಗಬಹುದು. ನಾವು ಅಪರಿಚಿತರೇ? ಈ ಹುಡುಗಿ ಈಗಾಗಲೇ ಕನ್ನಡ ಕೂಡಿಸಿ ಓದುತ್ತಾಳೆ. ನಾಲ್ಕು ವರ್ಷ ಹೋದರೆ ಹತ್ತು ವರ್ಷದವಳು, ಇನ್ನೂ ಆರು ಹೋದರೆ ಹದಿನಾರು. ಹಸಿಗಾಯದ ಬೆನ್ನು ತೋರಿಸುವ ತನ್ನ ಫೋಟೋ ಊರಿನವರ ಫೋನುಗಳಲ್ಲೆಲ್ಲ ತಿರುಗುತ್ತಿರುವುದನ್ನು ಅವಳು ಅಂದು ನೋಡಬೇಕೇ? ಮನವಿಯನ್ನು ಈಗ ಬೇರೆಯವರಿಗೆ ಕಳಿಸುವವರು ಅಕ್ಷರವನ್ನಷ್ಟೇ ಕಳಿಸಿ. ಅಂತರ್ಜಾಲದಿಂದ ಯಾವುದೋ ಮಗುವಿನ ಚಿತ್ರ ಹುಡುಕಿ ಅಂಟಿಸಬೇಡಿ. ಒಬ್ಬರು ಹಾಗೆ ಮಾಡಿಯೂ ಆಗಿದೆ.

ಶಾಲೆಯ ಮಾತು ಉಳಿಯಿತು. ಮನೆಯ ಹತ್ತಿರದ ಶಾಲೆಯೊಂದು ಎರಡು ಸಲ ವೈದ್ಯರ ಪತ್ರ ತರಿಸಿಕೊಂಡು, ಮೂರನೆಯ ಸಲ ಜಾಗವಿಲ್ಲವೆಂದಿತು. ಇನ್ನೊಂದು ಶಾಲೆಯ ಮುಖ್ಯೋಪಾಧ್ಯಾಯಿನಿ ಒಪ್ಪಿದ್ದಾರೆ. ಬೆಂಚಿಗೆ ಮೆತ್ತೆ, ಗದ್ದಲವಿಲ್ಲದ ಮೂಲೆ, ಬಿಡುವಿನಲ್ಲಿ ಜೊತೆಗೆ ಒಬ್ಬರು, ಇಷ್ಟೇ ಕೇಳಿದರು. ಮೆತ್ತೆ ಹೊಲಿದುಕೊಡಲು ಮಹಿಳಾ ವಿಭಾಗದವರು ಮುಂದೆ ಬಂದಿದ್ದಾರೆ. ಪಟ್ಟಿ ಕಟ್ಟುವ ದಿನ ಮಧ್ಯಾಹ್ನ ಮೂರು ಗಂಟೆ ಆ ಮನೆಯಲ್ಲಿದ್ದು ಕತ್ತರಿಸಿದ ತುಂಡುಗಳನ್ನು ಕ್ರಮವಾಗಿ ಕೈಗೆ ಕೊಡುವವರು, ಅಥವಾ ಮಗುವಿಗೆ ಕಥೆ ಹೇಳುತ್ತ ಕೂರುವವರು ಇಬ್ಬರು ಬೇಕು. ಹಣಕ್ಕಿಂತ ಇದು ಕಷ್ಟದ ದಾನ. ಅಳು ಕೇಳಬೇಕಾಗುತ್ತದೆ. ನಿವೃತ್ತ ನರ್ಸ್ ಒಬ್ಬರು ಗುರುವಾರಗಳನ್ನು ಒಪ್ಪಿಕೊಂಡಿದ್ದಾರೆ. ಶನಿವಾರಕ್ಕೆ ಇನ್ನೂ ಯಾರೂ ಇಲ್ಲ.

ವರ್ಗಣಿಯ ಪುಸ್ತಕ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಕಚೇರಿಯಲ್ಲಿರುತ್ತದೆ. ಹಳೆಯ ಚಂದಮಾಮ, ಮಕ್ಕಳ ಕಥೆಪುಸ್ತಕ ಇದ್ದವರು ಅವನ್ನೂ ತರಬಹುದು, ಹುಡುಗಿಗೆ ಓದ ಬೇಕೆಂದು ಬಹಳ ಆಸೆ. ತೆಳ್ಳಗಿನವನ್ನೇ ತನ್ನಿ, ದಪ್ಪ ರಟ್ಟಿನವನ್ನು ಅವಳ ಕೈ ಹಿಡಿಯಲಾರದು. ತರುವ ಮುಂಚೆ ಸ್ಟೇಪಲ್ ಪಿನ್ನುಗಳನ್ನು ತೆಗೆದು ದಾರದಿಂದ ಹೊಲಿದು ತನ್ನಿ.